ಹಾಸಿಗೆಯ ಪಕ್ಕದ ನಗೆ



ನವರಸಗಳ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ನಾವು ಒಂದು ಮಾತನ್ನು ತಪ್ಪದೆ ಹೇಳುತ್ತಿದ್ದೆವು: ಹಾಸ್ಯಕ್ಕೂ ಕರುಣಕ್ಕೂ ಆಗಿಬರುವುದಿಲ್ಲ. ಇದು ನಮ್ಮ ಸ್ವಂತ ಮಾತಲ್ಲ. ‘ಸಾಹಿತ್ಯದರ್ಪಣ’ವನ್ನು ಬರೆದ ವಿಶ್ವನಾಥನು ಭಯಾನಕ ಮತ್ತು ಕರುಣ ರಸಗಳನ್ನು ಹಾಸ್ಯದ ವಿರೋಧಿಗಳೆಂದೇ ಎಣಿಸಿದ್ದಾನೆ. ಅಳುವ ಮನೆಯಲ್ಲಿ ನಗು ಸಲ್ಲದು ಎಂದು ನಮ್ಮ ಹಿರಿಯರೂ ಹೇಳುತ್ತ ಬಂದಿದ್ದಾರೆ. ಆದರೆ ಕೆಲವು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯಿಂದ ಈ ಪಾಠವನ್ನು ನಾವೇ ಮತ್ತೊಮ್ಮೆ ಕಲಿಯಬೇಕಾಯಿತು. ಅದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ. ಆ ಮನೆಯವರ ಒಪ್ಪಿಗೆ ಪಡೆದೇ ಬರೆದಿದ್ದೇವೆ. ಹೆಸರುಗಳನ್ನು ಮಾತ್ರ ಬಿಟ್ಟಿದ್ದೇವೆ.

ನಾವು ಮಾಡಿದ ತಪ್ಪು

ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಬಾಗಲಕೋಟೆಯ ಕಡೆಯಿಂದ ದುಡಿಯಲು ಗೋವೆಗೆ ಬಂದ ಮನೆತನ. ತಂದೆ ಗೌಂಡಿ. ತಾಯಿಗೆ ಸ್ತನದ ಕ್ಯಾನ್ಸರ್ ಎಂದು ಗೊತ್ತಾಗಿ ಶಸ್ತ್ರಕ್ರಿಯೆ ಮುಗಿದಿತ್ತು, ಔಷಧೋಪಚಾರ ನಡೆದಿತ್ತು. ಒಂದು ದಿನ ಪಾಠದ ನಡುವೆ ಆ ಹುಡುಗಿ ಗೆಳತಿಯ ಕಿವಿಯಲ್ಲಿ ಏನೋ ಹೇಳಿ ಕಿಸಕ್ಕನೆ ನಕ್ಕಳು. ನಮಗೆ ಸಿಟ್ಟು ಬಂದಿತು. “ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿರುವಾಗ ನಿನಗೆ ನಗು ಹೇಗೆ ಬರುತ್ತದೆ?” ಎಂದು ಎಲ್ಲರೆದುರು ಕೇಳಿಬಿಟ್ಟೆವು.

ಹುಡುಗಿ ತಲೆ ತಗ್ಗಿಸಿದಳು. ಅಂದಿನಿಂದ ಆಕೆ ನಕ್ಕದ್ದನ್ನು ನಾವು ಕಾಣಲಿಲ್ಲ. ಶಿಸ್ತು ಬಂದಿತೆಂದು ಒಳಗೊಳಗೆ ಸಮಾಧಾನವನ್ನೂ ಪಟ್ಟೆವು.

ಮೂರು ವಾರಗಳಾದ ಮೇಲೆ ತಲೆಗೆ ಹತ್ತಿಯ ಬಟ್ಟೆ ಕಟ್ಟಿಕೊಂಡ ಆ ತಾಯಿ ತಾನೇ ಶಾಲೆಗೆ ಬಂದಳು. ಕುರ್ಚಿ ಕೊಟ್ಟೆವು. ಆಕೆ ಆಡಿದ ಮಾತು ಇಂದಿಗೂ ಕಿವಿಯಲ್ಲಿದೆ: “ಅಕ್ಕೋರೇ, ನಮ್ಮ ಮನ್ಯಾಗ ನಗಾಕಿ ಅಂದ್ರ ಇದೊಂದ ಇತ್ತು. ಈಗ ಇದೂ ಬಾಯಿ ಮುಚ್ಕೊಂಡು ಕುಂತೈತಿ. ನನ್ನ ಜಡ್ಡು ಡಾಕ್ಟರು ನೋಡ್ಕೋತಾರ. ಇದರ ನಗಿ ನೀವು ತಿರುಗಿ ಕೊಡ್ರಿ.”

ನಾವು ಹಾಗೇಕೆ ಗದರಿದೆವು ಎಂಬುದಕ್ಕೆ ಒಂದು ಹಳೆಯ ಕಾರಣವಿದೆ. ನಮಗೆ ಹನ್ನೆರಡು ವರ್ಷವಾಗಿದ್ದಾಗ ನಮ್ಮ ತಂದೆಯವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಬೆಳಗಾವಿಯ ಕಡೆಯ ಮನೆ ನಮ್ಮದು. ಕನ್ನಡ, ಮರಾಠಿ ಎರಡರಲ್ಲೂ ಕಲಿತವರು. ಮರಾಠಿಯಲ್ಲಿ ‘ಕರ್ಕರೋಗ’ ಎನ್ನುತ್ತಾರೆ, ಕನ್ನಡದಲ್ಲಿ ‘ಏಡಿಗಂತಿ’ ಎಂಬ ಹೆಸರಿದೆ. ಗ್ರೀಕರು ಆ ಗಂಟನ್ನು ಏಡಿಗೆ ಹೋಲಿಸಿ ಕರೆದದ್ದರಿಂದಲೇ ‘ಕ್ಯಾನ್ಸರ್’ ಎಂಬ ಶಬ್ದವೂ ಬಂದಿದೆ. ಇಷ್ಟು ಹೆಸರುಗಳಿದ್ದರೂ ನಮ್ಮ ಮನೆಯಲ್ಲಿ ಒಂದನ್ನೂ ಯಾರೂ ಉಚ್ಚರಿಸಲಿಲ್ಲ. ‘ಆ ಜಡ್ಡು’ ಎನ್ನುತ್ತಿದ್ದರು. ರೇಡಿಯೋ ಹಚ್ಚಬಾರದು, ಆಡಬಾರದು, ನಗಬಾರದು. ಹನ್ನೊಂದು ತಿಂಗಳ ಮೇಲೆ ತಂದೆಯವರು ತೀರಿಕೊಂಡರು. ಅವರು ಊರಿಗೆಲ್ಲ ತಮಾಷೆಯ ಮನುಷ್ಯರು. ಆದರೆ ನಮ್ಮ ನೆನಪಿನಲ್ಲಿ ಆ ಹನ್ನೊಂದು ತಿಂಗಳ ಅವರ ಒಂದು ಮಾತೂ ಉಳಿದಿಲ್ಲ. ಮುಚ್ಚಿದ ಬಾಗಿಲು ಮಾತ್ರ ಉಳಿದಿದೆ. ಆ ಬಾಗಿಲನ್ನೇ ನಾವು ಅರಿಯದೆ ಈ ಹುಡುಗಿಯ ಮುಖದ ಮೇಲೂ ಮುಚ್ಚಿದ್ದೆವು.

ಚೌಕದ ರೊಟ್ಟಿ

ಮರುವಾರ ಅವರ ಮನೆಗೆ ಹೋದೆವು. ಅಲ್ಲಿ ಕಂಡದ್ದು ಇದು: ತಾಯಿಗೆ ಕೈ ಎತ್ತಿ ರೊಟ್ಟಿ ಬಡಿಯುವುದು ಆಗದು, ತಂದೆ ಬಡಿಯುತ್ತಾರೆ. ಹತ್ತಾರು ಮನೆಗಳ ಗೋಡೆ ಎತ್ತಿದ ಕೈ. ರೊಟ್ಟಿ ಮಾತ್ರ ದುಂಡಗೆ ಬರಲೊಲ್ಲದು. ತಾಯಿ ಮಗಳಿಗೆ ಹೇಳುತ್ತಿದ್ದಳು: “ನಿಮ್ಮಪ್ಪ ರೊಟ್ಟಿ ಬಡದಿಲ್ಲವ್ವಾ, ಫರಸಿ ಹಾಸ್ಯಾರ!” ತಂದೆ ತಲೆ ಎತ್ತದೆ ಉತ್ತರಿಸಿದರು: “ತಿನ್ರಿ ಸುಮ್ಮ, ನಾಕೂ ಮೂಲಿ ಬರೋಬ್ಬರಿ ಅದಾವು.” ಆ ದಿನ ತರಗತಿಯಲ್ಲಿ ಹುಡುಗಿ ಗೆಳತಿಗೆ ಹೇಳಿ ನಕ್ಕದ್ದು ಇದೇ ರೊಟ್ಟಿಯ ಸುದ್ದಿಯಂತೆ.

ನೋಡಲು ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋಗುತ್ತಿದ್ದರು. ಒಬ್ಬರದು ಬೇವು, ಒಬ್ಬರದು ಗೋಮೂತ್ರ, ಇನ್ನೊಬ್ಬರದು ಬರಿಯ ದ್ರಾಕ್ಷಿ. ತಾಯಿ ಮಗಳ ಕೈಯಿಂದ ಅವನ್ನೆಲ್ಲ ಒಂದು ವಹಿಯಲ್ಲಿ ಬರೆಸಿದ್ದಳು. ನಾವು ಹೋದ ದಿನಕ್ಕೆ 17 ಆಗಿದ್ದವು. “ಇಷ್ಟೂ ತಿಂದ್ರ ಜಡ್ಡಿಗಿಂತ ಮೊದಲ ಹೊಟ್ಟಿ ಒಡದ ಹೋಗ್ತೀನಿ” ಎಂದು ಆಕೆ ನಗುತ್ತಿದ್ದಳು. ಗಮನಿಸಿರಿ, ವಿದ್ಯಾರ್ಥಿಗಳೇ: ಆ ನಗೆಯಿಂದ ಎರಡು ಕೆಲಸವಾಯಿತು. ಬಂದವರ ಮನಸ್ಸೂ ನೋಯಲಿಲ್ಲ, ವೈದ್ಯರು ಬರೆದ ಔಷಧವೂ ತಪ್ಪಲಿಲ್ಲ.

ಕೂದಲು ಉದುರಿದ ಹೊಸತರಲ್ಲಿ ಆಕೆಯ ತಂದೆ ಊರಿಂದ ಬಂದರು. ಅವರದು ನುಣ್ಣನೆಯ ಬೋಳು ತಲೆ. ಮಗಳು ತಲೆಯ ಬಟ್ಟೆ ತೆಗೆದು ಅವರ ಪಕ್ಕಕ್ಕೆ ಕುಳಿತು, “ಯಪ್ಪಾ, ಎಲ್ಲಾರೂ ನಾ ನಿನ್ನಂಗ ಅದೀನಿ ಅಂತಿದ್ರು. ಈಗ ಖರೇ ಆತು ನೋಡು” ಎಂದಳು. ಅಜ್ಜ ಮೊದಲು ನಕ್ಕರು, ಆಮೇಲೆ ಅತ್ತರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರಂತೆ. ವಿಶ್ವನಾಥನು ಬೇರೆ ಬೇರೆ ಕೂಡಿಸಿದ ಎರಡು ರಸಗಳು ಆ ದಿನ ಒಂದೇ ಹೊರಸಿನ ಮೇಲೆ ಕುಳಿತಿದ್ದವು.

ಒಂದು ಮಾತು ಚುಚ್ಚಿದ ಬಗೆ

ಆದರೆ ಎಲ್ಲ ನಗೆಯೂ ಒಳ್ಳೆಯದೆಂದು ತಿಳಿಯಬೇಡಿರಿ. ಅದೇ ಮನೆಯಲ್ಲಿ ಆರು ವರ್ಷದ ತಮ್ಮನಿದ್ದ. ಅಜ್ಜ, ಅವ್ವ ನಕ್ಕದ್ದನ್ನು ಕಂಡು ಅವನಿಗೂ ಹುರುಪು ಬಂದಿತು. ಓಣಿಯಲ್ಲಿ ಜಗಳವಾಡುವವರ ಬಾಯಿಂದ ಕೇಳಿದ್ದ ‘ಬೋಳಿ’ ಎಂಬ ಮಾತನ್ನು ತಾಯಿಗೆ ಅಂದುಬಿಟ್ಟ. ತಾಯಿ ಎದ್ದು ಒಳಗೆ ಹೋದಳು. ಸಂಜೆಯವರೆಗೂ ಹೊರಗೆ ಬರಲಿಲ್ಲ.

ಬೋಳು ಎಂದರೆ ಕೂದಲಿಲ್ಲದ್ದು, ಅಷ್ಟೆ. ಅಜ್ಜನ ತಲೆಗೆ ಹೇಳಿದರೆ ಅದು ಬರಿಯ ವರ್ಣನೆ. ಆದರೆ ಹೆಂಗಸಿಗೆ ಅಂದಾಗ ಅದರ ಹಿಂದೆ ಗಂಡ ಸತ್ತವಳ ತಲೆ ಬೋಳಿಸಿ ಮೂಲೆಗೆ ಕೂಡಿಸುತ್ತಿದ್ದ ಕ್ರೂರ ಪದ್ಧತಿಯ ನೆರಳು ಇದೆ. ಪದ್ಧತಿ ಹೋಯಿತು, ಬೈಗುಳ ಉಳಿಯಿತು. ಎದುರಿಗೆ ಗಂಡ ರೊಟ್ಟಿ ಬಡಿಯುತ್ತಿರುವಾಗ ಆ ಮಾತು ಕಿವಿಗೆ ಬಿದ್ದರೆ ಹೇಗಾದೀತು? ಹುಡುಗ ಕೆಟ್ಟವನಲ್ಲ; ಅವನಿಗೆ ಶಬ್ದ ಗೊತ್ತಿತ್ತು, ಅದರ ಭಾರ ಗೊತ್ತಿರಲಿಲ್ಲ. ಅಕ್ಕ ಅವನನ್ನು ಕೂಡಿಸಿಕೊಂಡು ತಿಳಿಸಿ ಹೇಳಿದಳು. ರಾತ್ರಿ ಅವನು ಅಜ್ಜನ ಟೊಪ್ಪಿಗೆ ತಂದು ತಾಯಿಯ ತಲೆಗೆ ಇಟ್ಟನಂತೆ. ಆಕೆಗೆ ನಗು ತಡೆಯಲಾಗಲಿಲ್ಲ.

ಭರತನು ನಾಟ್ಯಶಾಸ್ತ್ರದಲ್ಲಿ ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ನಗೆಯಲ್ಲಿ 6 ಬಗೆಗಳನ್ನು ಹೇಳಿದ್ದಾನೆ. ಕನ್ನಡದಲ್ಲಿಯೂ ವಿನೋದ ಬೇರೆ, ಗೇಲಿ ಬೇರೆ, ಕೊಂಕು ಬೇರೆ. ರೋಗಿಯ ಮನೆಗೆ ಒಂದು ಸರಳ ಅಳತೆ ಸಾಕು: ಅವರನ್ನು ಕುರಿತು ನಗುವುದು ಗೇಲಿ, ಅವರೊಡನೆ ನಗುವುದು ವಿನೋದ. ಕಾಯಿಲೆಯ ತಮಾಷೆಯನ್ನು ಮೊದಲು ಎತ್ತುವ ಹಕ್ಕು ಕಾಯಿಲೆಯವರದು. ಉಳಿದವರು ಅವರ ಹಿಂದೆ ಹೆಜ್ಜೆ ಹಾಕಬೇಕು.

ನಗೆ ಔಷಧವೇ?

ನಗೆಯಿಂದ ಕ್ಯಾನ್ಸರ್ ಗುಣವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿರಿ. ಅಮೇರಿಕದ ನಾರ್ಮನ್ ಕಸಿನ್ಸ್ ಎಂಬ ಪತ್ರಕರ್ತರು ಹತ್ತು ನಿಮಿಷ ಹೊಟ್ಟೆ ತುಂಬ ನಕ್ಕರೆ ಎರಡು ಗಂಟೆ ನೋವಿಲ್ಲದ ನಿದ್ದೆ ಬರುತ್ತಿತ್ತೆಂದು 1979ರ ತಮ್ಮ ಪುಸ್ತಕದಲ್ಲಿ ಬರೆದರು. ಅವರದು ಕೀಲು-ಬೆನ್ನೆಲುಬಿನ ಬೇನೆ, ಕ್ಯಾನ್ಸರ್ ಅಲ್ಲ. ನಮ್ಮ ‘ರಾಶಿ’ ಅವರನ್ನೇ ನೋಡಿರಿ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆಯನ್ನು ಆರಂಭಿಸಿ ಕನ್ನಡ ನಾಡನ್ನು ನಗಿಸಿದ ಡಾ. ಎಂ. ಶಿವರಾಂ ವೃತ್ತಿಯಿಂದ ವೈದ್ಯರು. ಔಷಧಕ್ಕೆ ಔಷಧದ ಸ್ಥಾನ, ನಗೆಗೆ ನಗೆಯ ಸ್ಥಾನ.

ಕ್ಯಾನ್ಸರಿಗೆ ಶಸ್ತ್ರಕ್ರಿಯೆ, ವಿಕಿರಣ ಮತ್ತು ಔಷಧಗಳೇ ಮುಖ್ಯ ಚಿಕಿತ್ಸೆ. ಗೋವೆಯವರಿಗೆ ಬಾಂಬೋಳಿಯ ಗೋವಾ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆ ಇದೆ; ಮುಂಬಯಿಯಲ್ಲಿ 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ, ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ಸಂಸ್ಥೆ ಇವೆ. ವೇಗವಾಗಿ ಹೆಚ್ಚುವ ಜೀವಕೋಶಗಳನ್ನು ಔಷಧ ಹೊಡೆಯುತ್ತದೆ. ಕೂದಲಿನ ಬೇರು, ಬಾಯಿಯ ಒಳಪದರ ಕೂಡ ಅಂಥವೇ ಆದ್ದರಿಂದ ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ರುಚಿ ಕೆಡುತ್ತದೆ. ಚಿಕಿತ್ಸೆ ಮುಗಿದ ಮೇಲೆ ಕೂದಲು ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ.

ಮಕ್ಕಳು ಕೇಳಲು ಅಂಜುವ ಎರಡು ಪ್ರಶ್ನೆಗಳಿಗೂ ಇಲ್ಲೇ ಉತ್ತರಿಸುತ್ತೇವೆ. ಕ್ಯಾನ್ಸರ್ ಮುಟ್ಟಿದರೆ ಹತ್ತುವ ರೋಗವಲ್ಲ, ತಾಯಿಯನ್ನು ತಬ್ಬಿಕೊಳ್ಳಬಹುದು. ನೆಗಡಿ, ಜ್ವರ ಇದ್ದಾಗ ಮಾತ್ರ ದೂರವಿರಬೇಕು, ಏಕೆಂದರೆ ಚಿಕಿತ್ಸೆಯ ಕಾಲದಲ್ಲಿ ಅವರ ದೇಹಕ್ಕೆ ಸೋಂಕನ್ನು ತಡೆಯುವ ಶಕ್ತಿ ಕಡಿಮೆ. ಎರಡನೆಯದು: ನೀವು ಹಟ ಮಾಡಿದ್ದರಿಂದಾಗಲಿ, ಜಗಳವಾಡಿದ್ದರಿಂದಾಗಲಿ, ನಕ್ಕಿದ್ದರಿಂದಾಗಲಿ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ.

ನಗಬೇಕೆಂಬ ಕಟ್ಟಳೆಯೂ ಬೇಡ

ಗೋವೆಯ ಜನ ಮರೆಯದ ಒಂದು ಪ್ರಸಂಗವಿದೆ. ರಾಜಕಾರಣ ಈ ಲೇಖನದ ವಿಷಯವಲ್ಲ. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ ಬಳಲುತ್ತಿದ್ದ ಮುಖ್ಯಮಂತ್ರಿ ಮನೋಹರ ಪರ್ರೀಕರರು 2019ರ ಜನವರಿ 27ರಂದು ಮಾಂಡೋವಿ ನದಿಯ ಮೇಲಿನ ‘ಅಟಲ್ ಸೇತು’ವಿನ ಉದ್ಘಾಟನೆಗೆ ಮೂಗಿನಲ್ಲಿ ನಳಿಕೆ ಇದ್ದಂತೆಯೇ ಬಂದರು. ಆಗ ಓಡುತ್ತಿದ್ದ ಒಂದು ಹಿಂದಿ ಚಲನಚಿತ್ರದ ಮಾತನ್ನು ಹಿಡಿದು ‘ಜೋಶ್ ಹೇಗಿದೆ?’ ಎಂದು ಸಭೆಯನ್ನೇ ಕೇಳಿದರು. ಎರಡು ಗಂಡುಮಕ್ಕಳ ತಂದೆ ಅವರು. ಪತ್ನಿಯನ್ನೂ ಹಿಂದೆ ಇದೇ ರೋಗಕ್ಕೆ ಕಳೆದುಕೊಂಡಿದ್ದರು. ಮಾರ್ಚ್ 17ರಂದು ತೀರಿಕೊಂಡರು. ಆ ಮಾತು ಅವರ ಆಯುಷ್ಯವನ್ನು ಹೆಚ್ಚಿಸಲಿಲ್ಲ. ಆದರೆ ಒಂದು ಗಳಿಗೆ ಜನ ನಳಿಕೆಯನ್ನು ಬಿಟ್ಟು ಮನುಷ್ಯನನ್ನು ನೋಡಿದರು.

ಹಾಗೆಂದು ಎಲ್ಲ ರೋಗಿಗಳೂ ನಗಿಸಬೇಕೆಂದು ಬಯಸುವುದು ಅನ್ಯಾಯ. 1971ರಲ್ಲಿ ಹೃಷಿಕೇಶ ಮುಖರ್ಜಿಯವರು ತೆಗೆದ ‘ಆನಂದ್’ ಚಿತ್ರದ ನಾಯಕ ಸಾಯುವವರೆಗೂ ಎಲ್ಲರನ್ನೂ ನಗಿಸುತ್ತಾನೆ. ಮನೆಯ ತಾಯಿಗೆ ವಾಂತಿಯಾಗುತ್ತದೆ, ಸಿಟ್ಟು ಬರುತ್ತದೆ, ಗೋಡೆಗೆ ಮುಖ ಮಾಡಿ ಮಲಗುವ ದಿನಗಳು ಬರುತ್ತವೆ. ಆ ದಿನ ನೀರು ಕೊಟ್ಟು, ಕಾಲು ಒತ್ತಿ, ಸುಮ್ಮನೆ ಪಕ್ಕದಲ್ಲಿ ಕುಳಿತರೆ ಸಾಕು. ನಗು ಬಂದಾಗ ತಡೆಯಬೇಡಿರಿ, ಬಾರದಾಗ ಎಳೆದು ತರಬೇಡಿರಿ.

ಪಾಲಕರಲ್ಲಿ ಒಂದು ವಿನಂತಿ. ಮನೆಯಲ್ಲಿ ಇಂಥ ಕಷ್ಟ ಬಂದಾಗ ಮಕ್ಕಳಿಂದ ರೋಗದ ಹೆಸರನ್ನು ಮುಚ್ಚಿಡಬೇಡಿರಿ; ಅವರ ವಯಸ್ಸಿಗೆ ತಿಳಿಯುವಷ್ಟು ಹೇಳಿರಿ, ಶಾಲೆಗೂ ತಿಳಿಸಿರಿ. ಅವರ ನಗುವನ್ನು ಕಂಡು ‘ಇವರಿಗೆ ಚಿಂತೆಯಿಲ್ಲ’ ಎಂದುಕೊಳ್ಳಬೇಡಿರಿ. ಚಿಂತೆ ಹೊರಲಾರದಷ್ಟು ಆದಾಗಲೂ ಮಕ್ಕಳು ನಗುತ್ತಾರೆ.

ಆ ತಾಯಿ ಗುಣವಾದಳೇ ಎಂದು ನೀವು ಕೇಳುವಿರಿ. ಚಿಕಿತ್ಸೆ ಮುಗಿದಿದೆ, ಹೇಳಿದ ದಿನಕ್ಕೆ ತಪ್ಪದೆ ತಪಾಸಣೆಗೆ ಹೋಗುತ್ತಾಳೆ, ಪ್ರತಿ ಸಲವೂ ಮನೆಯವರೆಲ್ಲ ಅಂಜುತ್ತಾರೆ. ಕೂದಲು ಬಂದಿದೆ, ಮೊದಲಿಲ್ಲದ ಗುಂಗುರು ಈಗ ಇದೆಯಂತೆ. ರೊಟ್ಟಿಯನ್ನು ಇಂದಿಗೂ ತಂದೆಯೇ ಬಡಿಯುತ್ತಾರೆ. ಹುಡುಗಿಯ ಬಳಿ ನಾವು ತರಗತಿಯಲ್ಲಿ ಎಲ್ಲರೆದುರಿಗೇ ಕ್ಷಮೆ ಕೇಳಿದೆವು. ಗದರಿದ್ದೂ ಎಲ್ಲರೆದುರಿಗೇ ಅಲ್ಲವೇ? ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಇನ್ನ ಪಾಠದಾಗ ನಗಬಹುದ್ರ್ಯಾ, ಅಕ್ಕೋರೇ?” ಎಂದು ಕೇಳಿದಳು. ಇಡೀ ತರಗತಿ ನಕ್ಕಿತು. ನಾವೂ ನಕ್ಕೆವು.

ಅಭ್ಯಾಸ
1. ವಿನೋದ, ಗೇಲಿ, ಕೊಂಕು, ಕುಚೋದ್ಯ: ಈ ಶಬ್ದಗಳ ಅರ್ಥಭೇದವನ್ನು ನಿಮ್ಮ ಮನೆಯ ಉದಾಹರಣೆಗಳಿಂದ ತಿಳಿಸಿರಿ.
2. ಆಡುವವನಿಗೆ ಹಗುರ, ಕೇಳುವವರಿಗೆ ಭಾರವಾದ ಶಬ್ದಗಳನ್ನು ಹಿರಿಯರಿಂದ ಕೇಳಿ ತಿಳಿದುಕೊಳ್ಳಿರಿ.
3. ಕಷ್ಟದ ದಿನದಲ್ಲಿ ನಿಮ್ಮ ಮನೆಯವರು ನಕ್ಕ ಒಂದು ಪ್ರಸಂಗವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ. ಬರೆದು ಮೊದಲು ಮನೆಯವರಿಗೇ ಓದಿ ಹೇಳಿರಿ.