ತಂತ್ರಾಂಶದ ಸಾಲವೂ ಅದರ ತೀರುವಳಿಯೂ

ಸಾಲವೆಂದರೆ ಹಣದ ಸಾಲವೊಂದೇ ಅಲ್ಲ. ಮಣ್ಣಿನ ಮಾಳಿಗೆಯ ಮನೆಯವನು ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕದೆ ಬಿಟ್ಟರೆ ಆ ವರ್ಷ ಅವನಿಗೆ ಕೂಲಿ ಉಳಿಯುವುದು; ಆದರೆ ಪ್ರತಿಯೊಂದು ಮಳೆಗೂ ಸೋರುವೆಡೆಯಲ್ಲಿ ಪಾತ್ರೆಗಳನ್ನಿಡುತ್ತ ಕುಳಿತಿರಬೇಕಾಗುವುದು. ಉಳಿದ ಕೂಲಿ ಅಸಲು. ಪಾತ್ರೆಯಿಡುವ ಶ್ರಮ ಬಡ್ಡಿ. ಗಣಕಯಂತ್ರಕ್ಕಾಗಿ ಬರೆದ ತಂತ್ರಾಂಶಕ್ಕೂ ಈ ನ್ಯಾಯ ಅನ್ವಯಿಸುವುದೆಂದು 1992ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ಎಂಬ ಅಮೆರಿಕದ ತಂತ್ರಜ್ಞರು ತೋರಿಸಿಕೊಟ್ಟರು. ಅವಸರದಲ್ಲಿ ಬರೆದ ತಂತ್ರಾಂಶವು ಸಾಲವಿದ್ದಂತೆ. ಬೇಗನೆ ತಿದ್ದಿದರೆ ಆ ಸಾಲದಿಂದ ಲಾಭವೇ ಉಂಟು, ತಿದ್ದದೆ ಬಿಟ್ಟರೆ ಬಡ್ಡಿಯೇ ದುಡಿಮೆಯನ್ನೆಲ್ಲ ನುಂಗುವುದು. ಇದಕ್ಕೆ ‘ತಾಂತ್ರಿಕ ಸಾಲ’ ಎಂಬ ಹೆಸರು ರೂಢಿಯಾಗಿದೆ.

ಈ ವಿಷಯವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ಹೆಸರುಗಳೇ ನಮಗೆ ಸಾಕಾದಷ್ಟು ಪಾಠವನ್ನು ಒದಗಿಸುವುವು.

ಒಂದು ಹೆಸರು, ಮೂವತ್ತು ಎಡೆ

ಈ ಭಾಗದ ಒಂದು ಪತ್ತಿನ ಸಹಕಾರಿ ಸಂಘವನ್ನು ಊಹಿಸಿಕೊಳ್ಳೋಣ. ಸುಮಾರು 2005ರಲ್ಲಿ ಅದು ಸದಸ್ಯರ ಖಾತೆಗಳಿಗಾಗಿ ಒಂದು ತಂತ್ರಾಂಶವನ್ನು ಬರೆಸಿತೆನ್ನೋಣ. ಬರೆದವನು ಜಿಲ್ಲೆ ಮತ್ತು ತಾಲೂಕುಗಳ ಹೆಸರುಗಳನ್ನು ಬೇಕಾದಲ್ಲೆಲ್ಲ ನೇರವಾಗಿ ಬರೆದುಬಿಟ್ಟನು: ರಸೀದಿಯಲ್ಲಿ ಒಮ್ಮೆ, ಸಾಲದ ಅರ್ಜಿಯಲ್ಲಿ ಒಮ್ಮೆ, ಹೀಗೆ ಒಟ್ಟು 30 ಕಡೆ. ಆ ದಿನ ಕೆಲಸ ಬೇಗನೆ ಮುಗಿಯಿತು. ಯಾರೂ ತಪ್ಪು ಹುಡುಕಲಿಲ್ಲ.

ಆದರೆ ಲೋಕ ನಿಲ್ಲಲಿಲ್ಲ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. 2018ರಲ್ಲಿ ಹೊಸ ತಾಲೂಕುಗಳು ಬಂದವು: ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಹಾಗೂ ಕೊಲ್ಹಾರ. ಪ್ರತಿಯೊಂದು ಬದಲಾವಣೆಗೂ ಆ 30 ಎಡೆಗಳನ್ನು ಹುಡುಕಿ ತಿದ್ದಬೇಕು. ಒಂದೆಡೆಗೆ 10 ನಿಮಿಷವೆಂದರೂ 5 ಗಂಟೆಗಳಾದವು. ಇದೇ ಬಡ್ಡಿ.

ಹೆಸರುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿರಿಸಿ, ಉಳಿದೆಡೆಗಳಲ್ಲಿ ಆ ಪಟ್ಟಿಯನ್ನೇ ನೋಡುವಂತೆ ಮಾಡುವುದಕ್ಕೆ ಒಮ್ಮೆಗೆ 12 ಗಂಟೆ ಹಿಡಿಯುವುದೆನ್ನಿ. ಬಳಿಕ ಪ್ರತಿ ಬದಲಾವಣೆಗೂ 10 ನಿಮಿಷ ಸಾಕು. ಎರಡು ಬದಲಾವಣೆಗಳಿಗೆ ಹಳೆಯ ರೀತಿಯಲ್ಲಿ 10 ಗಂಟೆ, ಹೊಸ ರೀತಿಯಲ್ಲಿ 12 ಗಂಟೆ 20 ನಿಮಿಷ. ಮೂರಕ್ಕೆ ಹಳೆಯದರಲ್ಲಿ 15 ಗಂಟೆ, ಹೊಸದರಲ್ಲಿ 12 ಗಂಟೆ 30 ನಿಮಿಷ. ಮೂರನೆಯ ಬದಲಾವಣೆಯಲ್ಲಿಯೇ ಅಸಲು ತೀರಿಸಿದ್ದು ಲಾಭವಾಯಿತು. 30ರಲ್ಲಿ ಒಂದು ಎಡೆ ಕಣ್ತಪ್ಪಿದರೆ ರೈತನ ಅರ್ಜಿಯಲ್ಲಿ ಒಂದು ತಾಲೂಕು, ರಸೀದಿಯಲ್ಲಿ ಇನ್ನೊಂದು ತಾಲೂಕು ಅಚ್ಚಾಗುವ ಅಪಾಯವನ್ನು ನಾವು ಈ ಲೆಕ್ಕಕ್ಕೆ ಹಿಡಿದೇ ಇಲ್ಲ.

ಇಲ್ಲೊಂದು ಸೂಕ್ಷ್ಮವುಂಟು. 2015ರಲ್ಲಿ ಇಂಡಿ ತಾಲೂಕೆಂದು ಬರೆದ ಸಾಲಪತ್ರವು ಇಂದು ಚಡಚಣವೆಂದು ತೋರಬಾರದು. ಅದು ಅಂದಿನ ಸತ್ಯ. ಆದುದರಿಂದ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಅದು ಯಾವ ದಿನದಿಂದ ಯಾವ ದಿನದವರೆಗೆ ಸಲ್ಲುವುದೆಂಬುದೂ ಇರಬೇಕು.

ಅಕ್ಷರಗಳ ಸಾಲ

ಎರಡನೆಯ ಸಾಲ ಕನ್ನಡಕ್ಕೇ ವಿಶೇಷವಾದುದು. ಗಣಕವು ಅಕ್ಷರವನ್ನು ಅರಿಯದು, ಅಂಕಿಯನ್ನು ಮಾತ್ರ ಅರಿಯುವುದು. ಹಿಂದಿನ ಗಣಕಗಳು ಒಂದು ಅಕ್ಷರಕ್ಕೆ 256 ಸ್ಥಾನಗಳನ್ನಷ್ಟೇ ಕೊಡುತ್ತಿದ್ದವು. ಅವೂ ಇಂಗ್ಲಿಷಿಗೆಂದು ಏರ್ಪಟ್ಟವು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೆಯ ಆವೃತ್ತಿಗಳೂ ಅಂಥ ಇತರ ತಂತ್ರಾಂಶಗಳೂ ಆ ಸ್ಥಾನಗಳಲ್ಲಿಯೇ ಕನ್ನಡ ಅಕ್ಷರಗಳ ಆಕಾರಗಳನ್ನು ಕೂರಿಸಿದವು. ಆ ಕಾಲಕ್ಕೆ ಅದು ಜಾಣ್ಮೆಯ ಉಪಾಯ. ಕಚೇರಿಗಳಲ್ಲಿ ಕನ್ನಡವು ಗಣಕದ ಮೇಲೆ ಮೂಡಿದ್ದೇ ಇಂಥ ಉಪಾಯಗಳಿಂದ.

‘ಇಂಡಿ’ ಎಂಬ ಹೆಸರನ್ನೇ ನೋಡಿರಿ. ಹಳೆಯ ನುಡಿಯಲ್ಲಿ ಅದು 69, 65, 114 ಎಂಬ ಮೂರು ಅಂಕಿಗಳು. ಇವು ಇಂಗ್ಲಿಷಿನ ದೊಡ್ಡ ಇ, ದೊಡ್ಡ ಎ ಮತ್ತು ಚಿಕ್ಕ ಆರ್ ಅಕ್ಷರಗಳ ಅಂಕಿಗಳೂ ಹೌದು. ಕನ್ನಡ ಲಿಪಿವಿನ್ಯಾಸವಿಲ್ಲದ ಗಣಕದಲ್ಲಿ ತೆರೆದರೆ ಊರಿನ ಹೆಸರು ಮಾಯವಾಗಿ ಅರ್ಥವಿಲ್ಲದ ಮೂರು ಇಂಗ್ಲಿಷ್ ಅಕ್ಷರಗಳು ಕಾಣುವುವು. ಅದು ಕನ್ನಡವೆಂಬ ತಿಳಿವು ಅಂಕಿಗಳಲ್ಲಿ ಇಲ್ಲ, ಆರಿಸಿಕೊಂಡ ಲಿಪಿವಿನ್ಯಾಸದಲ್ಲಿ ಮಾತ್ರ ಇದೆ.

1991ರಲ್ಲಿ ಹೊರಬಂದ ಯೂನಿಕೋಡ್ ಪದ್ಧತಿಯು ಕನ್ನಡಕ್ಕೆ ಅದರದೇ ಆದ ಸ್ಥಾನಗಳನ್ನು ಕೊಟ್ಟಿತು. ಅದರಲ್ಲಿ ‘ಇಂಡಿ’ ಎಂದರೆ 3207, 3202, 3233, 3263: ಇ, ಅನುಸ್ವಾರ, ಡ, ಗುಡಿಸು. ಈ ಅಂಕಿಗಳು ಬೇರಾವ ಲಿಪಿಯ ಅಕ್ಷರಕ್ಕೂ ಸಲ್ಲವು.

ಹಾಗಾದರೆ ಒಂದು ಅಂಕಿಗೆ ಬದಲಾಗಿ ಇನ್ನೊಂದನ್ನು ಬರೆದರೆ ಮುಗಿಯಿತಲ್ಲವೇ ಎಂದು ವಾಚಕರು ಕೇಳಬಹುದು. ಮುಗಿಯದು. ಹಳೆಯ ಪದ್ಧತಿ ಕಣ್ಣಿಗೆ ಕಾಣುವ ಕ್ರಮದಲ್ಲಿ ಬರೆಯುವುದು. ಹೊಸದು ನಾಲಗೆ ನುಡಿಯುವ ಕ್ರಮದಲ್ಲಿ. ‘ಕರ್ನಾಟಕ’ದಲ್ಲಿ ಅರ್ಕಾವೊತ್ತು ಕಣ್ಣಿಗೆ ‘ನಾ’ದ ಬಳಿಕ ಕಾಣುವುದರಿಂದ ಹಳೆಯದರಲ್ಲಿ ಅದು ‘ನಾ’ದ ಹಿಂದೆ ನಿಂತಿದೆ, ಯೂನಿಕೋಡಿನಲ್ಲಿ ರಕಾರ ಮೊದಲು, ನಕಾರ ಆಮೇಲೆ. ‘ಮುದ್ದೇಬಿಹಾಳ’ದ ‘ದ್ದೇ’ಯಲ್ಲಿ ಒತ್ತಕ್ಷರ ಮತ್ತು ಸ್ವರಚಿಹ್ನೆಗಳ ಸ್ಥಾನಗಳೂ ಹೀಗೆಯೇ ಅದಲುಬದಲಾಗುವುವು. ಪರಿವರ್ತನೆಯ ತಂತ್ರಾಂಶವು ಅಕ್ಷರಗಳನ್ನು ಬದಲಿಸುವುದಲ್ಲದೆ ಸರಿಯಾದ ಸಾಲಿನಲ್ಲಿಯೂ ನಿಲ್ಲಿಸಬೇಕು. ಇಲ್ಲಿ ತಪ್ಪಿದರೆ ಸದಸ್ಯನ ಹೆಸರು ಹುಡುಕಿದಾಗ ಸಿಗದು. ಸಿಗದ ಹೆಸರಿಗೆ ಸಾಲವೂ ಇಲ್ಲ, ಠೇವಣಿಯೂ ಇಲ್ಲ!

ತೀರಿಸುವ ಬಗೆ

ಹಳೆಯದನ್ನು ಒಂದೇ ರಾತ್ರಿಯಲ್ಲಿ ಕಿತ್ತೊಗೆದು ಹೊಸದನ್ನು ಹೂಡುವ ಆಸೆ ಸಹಜವಾದುದು, ಆದರೆ ಅಪಾಯಕರ. ಇಪ್ಪತ್ತು ವರ್ಷ ನಡೆದ ತಂತ್ರಾಂಶದಲ್ಲಿ, ಯಾವ ಕಾಗದದಲ್ಲಿಯೂ ಬರೆದಿರದ ಎಷ್ಟೋ ನಿಯಮಗಳು ಅಡಗಿರುವುವು. ಮಾರ್ಟಿನ್ ಫೌಲರ್ ಎಂಬವರು 2004ರಲ್ಲಿ ಬೇರೊಂದು ದಾರಿಗೆ ಮರವೊಂದರ ಉಪಮೆ ಕೊಟ್ಟರು. ಹಕ್ಕಿ ತಂದ ಆಲದ ಬೀಜ ತಾಳೆಯ ಮರದ ಮೇಲೆ ಮೊಳೆತು, ಬೇರನ್ನು ನೆಲಕ್ಕಿಳಿಸಿ, ಕ್ರಮೇಣ ತನ್ನ ಕಾಲಮೇಲೆ ತಾನು ನಿಲ್ಲುವುದನ್ನು ನಾವು ಕಂಡಿದ್ದೇವೆ. ಹಾಗೆಯೇ ಹೊಸ ತಂತ್ರಾಂಶವು ಹಳೆಯದರ ಪಕ್ಕದಲ್ಲಿ ಬೆಳೆದು ಒಂದೊಂದೇ ಕೆಲಸವನ್ನು ವಹಿಸಿಕೊಳ್ಳಬೇಕು. ನಮ್ಮ ರಾಜ್ಯದ ನೋಂದಣಿ ಇಲಾಖೆಯು ಸುಮಾರು 20 ವರ್ಷ ಬಳಸಿದ ‘ಕಾವೇರಿ’ಯ ಎಡೆಯಲ್ಲಿ 2023ರಲ್ಲಿ ‘ಕಾವೇರಿ 2.0’ ಅನ್ನು ತಂದಾಗ, ಉಪನೋಂದಣಿ ಕಚೇರಿಗಳಲ್ಲಿ ಹಂತಹಂತವಾಗಿಯೇ ಅದನ್ನು ಜಾರಿಗೊಳಿಸಿತು.

ಪರೀಕ್ಷೆ ಹೇಗೆ? ಭೌತಶಾಸ್ತ್ರದ ಸಂರಕ್ಷಣ ನಿಯಮಗಳನ್ನು ನೆನೆಯಿರಿ. ಶಕ್ತಿ ರೂಪ ಬದಲಿಸಬಹುದು, ಮೊತ್ತ ಬದಲಾಗದು. ಪರಿವರ್ತನೆಗೆ ಮೊದಲೂ ಬಳಿಕವೂ ಸದಸ್ಯರ ಸಂಖ್ಯೆ ಒಂದೇ ಇರಬೇಕು, ಠೇವಣಿಗಳ ಒಟ್ಟು ಮೊತ್ತ ಒಂದೇ ಇರಬೇಕು. ಆದರೆ ಒಬ್ಬನ 500 ರೂಪಾಯಿ ಇನ್ನೊಬ್ಬನ ಖಾತೆಗೆ ಸೇರಿದರೂ ಮೊತ್ತ ಬದಲಾಗದು. ಆದುದರಿಂದ ಖಾತೆ ಖಾತೆಯನ್ನೂ ಹೋಲಿಸಬೇಕು. ಹೆಸರುಗಳನ್ನು ಹೊಸ ಲಿಪಿಗೆ ತಂದು ಮರಳಿ ಹಳೆಯದಕ್ಕೆ ಒಯ್ದಾಗ ಮೂಲವೇ ದೊರೆಯಬೇಕು. ಜೊತೆಗೆ ಸದಸ್ಯರೇ ತಮ್ಮ ಹೆಸರನ್ನು ಓದಿ ಒಪ್ಪಬೇಕು. ಅಲ್ಲಿಯವರೆಗೆ ಹಳೆಯ ಕಡತದ ಪ್ರತಿಯನ್ನು ಕಾದಿಡಬೇಕು.

ಸಾಲ ಮಾಡುವುದೇ ತಪ್ಪೆಂದು ನಾವು ಹೇಳುವುದಿಲ್ಲ. ಅಂದಿನ ಗಣಕದಲ್ಲಿ ಅಂದಿನ ಉಪಾಯ ಸರಿಯಾಗಿಯೇ ಇತ್ತು. ಯೂನಿಕೋಡಿಗಾಗಿ ಕಾದಿದ್ದರೆ ಎಷ್ಟೋ ಕಚೇರಿಗಳಲ್ಲಿ ಕನ್ನಡವೇ ಇರುತ್ತಿರಲಿಲ್ಲ. ತಪ್ಪು ಸಾಲದಲ್ಲಿಲ್ಲ, ಅದನ್ನು ಪುಸ್ತಕದಲ್ಲಿ ಬರೆಯದಿರುವುದರಲ್ಲಿದೆ. ಎಲ್ಲೆಲ್ಲಿ ಅವಸರ ಮಾಡಿದೆವು, ಏನನ್ನು ತಿದ್ದಬೇಕು ಎಂಬುದನ್ನು ಕಿರ್ದಿಯ ಹಾಗೆ ಅಂದಂದೇ ಬರೆದಿಟ್ಟ ಸಂಘವು ಯಾವ ಸಾಲವನ್ನು ಮೊದಲು ತೀರಿಸಬೇಕೆಂಬುದನ್ನು ತಾನೇ ಅರಿಯುವುದು. ಬಡ್ಡಿ ಹೆಚ್ಚಿರುವುದೇ ಮೊದಲು. ಈ ಮಾತನ್ನು ನಮ್ಮ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ.