ಎಂಟು ಗಜದ ಕಿಲ್ಟಿಗೆ ಮನೆಯ ಒಪ್ಪಿಗೆ

ನಾವಿರುವ ಸ್ಕಾಟ್ಲೆಂಡಿನಲ್ಲಿ ಗಂಡಸರು ಕಿಲ್ಟ್ ಎಂಬ ನೆರಿಗೆಯ ಉಡುಪು ಉಟ್ಟರೆ ಯಾರೂ ತಿರುಗಿ ನೋಡುವುದಿಲ್ಲ ಎಂದು ನಮ್ಮ ಊರಿನಲ್ಲಿ ಎಲ್ಲರೂ ತಿಳಿದಿದ್ದಾರೆ. ಮದುವೆ ಮನೆಯಲ್ಲಿ, ಕವಿ ಬರ್ನ್ಸ್ ನೆನಪಿನ ಜನವರಿ 25ರ ಬರ್ನ್ಸ್ ನೈಟ್ ಊಟದಲ್ಲಿ, ಎಡಿನ್‌ಬರೋದ ಮರೀಫೀಲ್ಡ್ ಮೈದಾನಕ್ಕೆ ರಗ್ಬಿ ನೋಡಲು ಹೋಗುವ ಗುಂಪಿನಲ್ಲಿ ಅದು ನಿಜ. ಮಂಗಳವಾರ ಬೆಳಿಗ್ಗೆ ಹಾಲು, ಬ್ರೆಡ್ಡು ತರಲು ಉಟ್ಟುಕೊಂಡು ಹೋದರೆ ಇಲ್ಲಿಯವರೂ ತಿರುಗಿ ನೋಡುತ್ತಾರೆ. ನಮ್ಮಲ್ಲಿ ರೇಷ್ಮೆ ಪಂಚೆಗೆ ಆದದ್ದೇ ಇಲ್ಲಿ ಕಿಲ್ಟಿಗೂ ಆಗಿದೆ. ಮುಹೂರ್ತಕ್ಕೆ ಬೇಕು, ಆಫೀಸಿಗೆ ಬೇಡ. ನಮ್ಮ ಮನೆಯಲ್ಲಿ ತಕರಾರು ಎದ್ದದ್ದೂ ಈ ಮಂಗಳವಾರದ ಕಿಲ್ಟಿನಿಂದಲೇ.

ಮದುವೆಯ ಕಿಲ್ಟಿಗೆ ನನ್ನ ಹೆಂಡತಿಯ ವಿರೋಧವೇ ಇರಲಿಲ್ಲ. ಸಹೋದ್ಯೋಗಿಯೊಬ್ಬನ ಮದುವೆಗೆ ಬಾಡಿಗೆಗೆ ತರಲು ಹೋದಾಗ ಅವಳೂ ಜೊತೆಗಿದ್ದಳು. ಪ್ಯಾಂಟಿನ ಸೊಂಟದ ಅಳತೆ ಇದಕ್ಕೆ ನಡೆಯುವುದಿಲ್ಲ. ಕಿಲ್ಟ್ ಹೊಕ್ಕುಳಿನ ಮಟ್ಟದಲ್ಲಿ ನಿಲ್ಲಬೇಕು, ಕೆಳಗಿನ ಅಂಚು ಮೊಣಕಾಲ ಚಿಪ್ಪಿನ ನಡುವಿಗೆ ಬರಬೇಕು. ಮುಂಭಾಗ ಚಪ್ಪಟೆ, ಬಲದ ಮಡಿಕೆಯ ಮೇಲೆ ಎಡದ ಮಡಿಕೆ. ಹಿಂಭಾಗವೆಲ್ಲ ಹೊಲಿದು ಕೂರಿಸಿದ ನೆರಿಗೆ. ಒಳ್ಳೆಯ ಉಣ್ಣೆಯ ಕಿಲ್ಟಿಗೆ ಎಂಟು ಗಜ ಬಟ್ಟೆ ಬೇಕು ಎಂದು ಅಂಗಡಿಯವನು ಹೇಳಿದ್ದೇ ತಡ, “ಎಂಟು ಗಜವೇನ್ರೀ? ನನ್ನ ಸೀರೆಯೇ ಆರು ಗಜ!” ಎಂದಳು. ಸೀರೆಯ ಪನ್ನ ಇದರ ಹತ್ತಿರಹತ್ತಿರ ಎರಡರಷ್ಟು ಎಂಬುದನ್ನು ನಾನಾಗ ಎತ್ತಲಿಲ್ಲ. ಕಿಲ್ಟಿಗೆ ಜೇಬಿಲ್ಲ; ಫೋನು, ಬೀಗದ ಕೈ ಇಟ್ಟುಕೊಳ್ಳಲು ಮುಂದುಗಡೆ ಸ್ಪೊರನ್ ಎಂಬ ಚರ್ಮದ ಚೀಲ ನೇತುಬಿಡಬೇಕು. ಅದನ್ನು ಕಂಡು ಅವಳಿಗೆ ಅಜ್ಜಿಯ ಎಲೆಯಡಿಕೆ ಸಂಚಿ ನೆನಪಾಗಿ ನಗು ತಡೆಯಲಾಗಲಿಲ್ಲ. (ಒಳಗೇನು ಹಾಕುತ್ತಾರೆ ಎಂದು ಕೇಳುವವರಿಗೆ: ಆ ಅಂಗಡಿಯವನು ಚಡ್ಡಿ ಹಾಕಿಕೊಂಡೇ ಉಡಬೇಕೆಂದು ಖಡಾಖಂಡಿತವಾಗಿ ಹೇಳಿದ. ಮುಂದಿನ ವಾರ ಅದನ್ನೇ ಇನ್ನೊಬ್ಬ ಉಡಬೇಕಲ್ಲ!) ಮದುವೆಯ ದಿನ ನನ್ನ ಫೋಟೊ ತೆಗೆದು ತವರಿನ ವಾಟ್ಸಾಪ್ ಗ್ರೂಪಿಗೆ ಹಾಕಿದವಳೂ ಅವಳೇ.

ನನಗೆ ಹಿಡಿಸಿದ್ದು ಅದರ ಸುಖ. ಮನೆಯಲ್ಲಿ ಪಂಚೆ, ಲುಂಗಿ ಉಟ್ಟು ಬೆಳೆದವನಿಗೆ ಕಾಲಿನ ಸುತ್ತ ಗಾಳಿಯಾಡುವುದು ಹೊಸದೇನಲ್ಲ. ಆದರೆ ಪಂಚೆಯನ್ನು ಗಳಿಗೆಗೊಮ್ಮೆ ಬಿಚ್ಚಿ ಕಟ್ಟಬೇಕು. ಕಿಲ್ಟಿಗೆ ಚರ್ಮದ ಪಟ್ಟಿ, ಬಕಲ್ ಇವೆ. ಬೆಳಿಗ್ಗೆ ಬಿಗಿದರೆ ರಾತ್ರಿಯವರೆಗೆ ಯೋಚನೆಯಿಲ್ಲ. ಎಡಿನ್‌ಬರೋದ ಗಾಳಿಗೂ ಉಣ್ಣೆಯ ನೆರಿಗೆ ಸುಲಭವಾಗಿ ಏಳುವುದಿಲ್ಲ, ಅಷ್ಟು ಭಾರ. ಮುಂದಿನ ಮಡಿಕೆಗೆ ಚುಚ್ಚುವ ಪಿನ್ ಮೇಲಿನ ಪದರಕ್ಕೆ ಮಾತ್ರ. ಎರಡೂ ಪದರ ಸೇರಿಸಿ ಚುಚ್ಚಿದರೆ ಕಾಲು ಬೀಸಿ ನಡೆದಾಗ ಬಟ್ಟೆ ಹರಿಯುತ್ತದೆ. ಸುಖದ ಪಟ್ಟಿಗೆ ಸೇರದ್ದು ಒಂದೇ, ಬೇಸಿಗೆಯಲ್ಲಿ ಉತ್ತರದ ಬೆಟ್ಟಗಳ ಕಡೆ ಹೋದರೆ ಮಿಜ್ ಎಂಬ ನುಸಿಗಳು ಬರಿ ಮೊಣಕಾಲನ್ನು ಬಿಡುವುದಿಲ್ಲ.

ಹೀಗೆ ದಿನಬಳಕೆಗೆಂದು ಖಾಕಿ ಬಣ್ಣದ, ಜೇಬುಗಳಿರುವ ಹತ್ತಿಯ ಕಿಲ್ಟ್ ತಂದೆ. ಅಮೆರಿಕದ ಸಿಯಾಟಲ್‌ನಲ್ಲಿ 2000ದ ಹೊತ್ತಿಗೆ ಶುರುವಾದ ಮಾದರಿ ಅದು. ಅದನ್ನುಟ್ಟು ದಿನಸಿಗೆ ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ಬಂದಳು.

“ನಿಮ್ಮನ್ನು ಯಾರೂ ಏನೂ ಕೇಳಲ್ಲ ಕಣ್ರೀ. ನಿಮ್ಮೆದುರು ಚೆನ್ನಾಗಿದೆ ಅಂತಾರೆ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಮನೆಯಲ್ಲಿ ಎಲ್ಲ ಸರಿಯಿದೆ ತಾನೆ ಅಂತ ಕೇಳ್ತಾರೆ.”

ಅದು ಊಹೆಯ ಮಾತಲ್ಲ. ನಮ್ಮವರ ದೀಪಾವಳಿ ಊಟಕ್ಕೆ ನಾನು ಕಿಲ್ಟಿನಲ್ಲಿ ಹೋದ ಸಂಜೆ ಇಬ್ಬರು ಹೆಂಗಸರು ಹಾಗೆಯೇ ಕೇಳಿದ್ದರಂತೆ. ಗಂಡನ ಬಟ್ಟೆಗೆ ಉತ್ತರ ಕೊಡಬೇಕಾದವಳು ಹೆಂಡತಿ ಎಂಬ ಲೆಕ್ಕ ನಮ್ಮಲ್ಲಿ ಇನ್ನೂ ಅಳಿದಿಲ್ಲ. ಎರಡನೆಯ ಆಕ್ಷೇಪ ಇನ್ನೂ ಹರಿತ. “ಅವರು ಉಟ್ಟರೆ ಪರಂಪರೆ. ನೀವು ಉಟ್ಟರೆ ವೇಷ.”

ಇದಕ್ಕೆ ನನ್ನ ಬಳಿ ಇತಿಹಾಸದ ದಾಸ್ತಾನೇ ಇತ್ತು. ಟಾರ್ಟನ್ ಎಂಬ ಕಿಲ್ಟಿನ ಚೌಕಳಿ ವಿನ್ಯಾಸವನ್ನು ಇಂಥವರೇ ಉಡಬೇಕು ಎಂಬ ಕಾನೂನಿಲ್ಲ. ಕುಲಕ್ಕೊಂದು ಟಾರ್ಟನ್ ಎಂಬ ಪದ್ಧತಿ ಗಟ್ಟಿಯಾದದ್ದೇ 1822ರಲ್ಲಿ ನಾಲ್ಕನೆಯ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದು ಕಿಲ್ಟ್ ಉಟ್ಟ ನಂತರ, ಕಾದಂಬರಿಕಾರ ವಾಲ್ಟರ್ ಸ್ಕಾಟ್ ಏರ್ಪಡಿಸಿದ ಆ ಮೆರವಣಿಗೆಗಳ ಅಬ್ಬರದಲ್ಲಿ. ಈಗ ಸರ್ಕಾರದ್ದೇ ಟಾರ್ಟನ್ ನೋಂದಣಿ ಪುಸ್ತಕವಿದೆ, 2009ರಿಂದ. ಹೊಸ ವಿನ್ಯಾಸವನ್ನು ಯಾರು ಬೇಕಾದರೂ ದಾಖಲಿಸಬಹುದು. ಸಿಂಗ್ ಟಾರ್ಟನ್ ಎಂಬುದೂ ಉಂಟು. ಇಂದಿನ ಗಿಡ್ಡ ಕಿಲ್ಟನ್ನು ಮೊದಲು ಹೊಲಿಸಿದವನು ರಾಲಿನ್‌ಸನ್ ಎಂಬ ಇಂಗ್ಲಿಷ್ ಕಬ್ಬಿಣದ ಉದ್ಯಮಿ ಎಂಬ ಮಾತಿದೆ, ಅದನ್ನು ಒಪ್ಪದ ಸ್ಕಾಟರೂ ಬೇಕಾದಷ್ಟಿದ್ದಾರೆ. ಕಲೋಡನ್ ಯುದ್ಧದಲ್ಲಿ ಬೆಟ್ಟದ ನಾಡಿನವರು ಸೋತ 1746ರಲ್ಲೇ ಬ್ರಿಟನ್ನಿನ ಪಾರ್ಲಿಮೆಂಟು ಈ ಉಡುಪನ್ನು ನಿಷೇಧಿಸಿತು. ಮೊದಲ ತಪ್ಪಿಗೆ ಆರು ತಿಂಗಳ ಸೆರೆ, ಎರಡನೆಯದಕ್ಕೆ ಏಳು ವರ್ಷ ಕಡಲಾಚೆಗೆ ಗಡೀಪಾರು. ನಿಷೇಧ ತೆಗೆದದ್ದು 1782ರಲ್ಲಿ. ಇದೆಲ್ಲವನ್ನೂ ಊಟದ ಹೊತ್ತಿನಲ್ಲಿ ಹೇಳಿದೆ. ಅವಳು ಮಜ್ಜಿಗೆ ಬಡಿಸುತ್ತಾ ಕೇಳಿದ್ದು ಒಂದೇ: “ಆ ದೊರೆ ಹೆಂಡತಿಯನ್ನು ಕೇಳಿ ಉಟ್ಟನಾ?”

ದೊರೆಯ ಹೆಂಡತಿ ಹಿಂದಿನ ವರ್ಷವೇ ತೀರಿಕೊಂಡಿದ್ದಳು. ಬದುಕಿದ್ದಾಗಲೂ ಇಬ್ಬರೂ ಒಂದೇ ಸೂರಿನಡಿ ಇದ್ದ ಕಾಲ ಬಹಳ ಕಡಿಮೆ. ಉದಾಹರಣೆ ನನ್ನ ವಿರುದ್ಧವೇ ತಿರುಗಿದ್ದರಿಂದ ಸುಮ್ಮನಾದೆ.

ಇತಿಹಾಸ ಕೊಡದ ಒಪ್ಪಿಗೆಯನ್ನು ಒಂದು ಕರಾರು ಕೊಟ್ಟಿತು. ಕರಾರು ಹಾಕಿದವಳು ಅವಳೇ. ಮನೆಯೊಳಗೆ, ಬೆಟ್ಟ ಹತ್ತುವಾಗ, ಶನಿವಾರದ ಪೇಟೆಗೆ ಆಗಬಹುದು. ಅವಳ ಆಫೀಸಿನ ಪಾರ್ಟಿಗೆ ಬೇಡ. ನಮ್ಮವರ ಕೂಟಗಳಿಗೆ ಅವಳು ಹೇಳುವವರೆಗೆ ಬೇಡ. ಅತ್ತೆ ಮಾವ ವಿಡಿಯೊ ಕರೆಯಲ್ಲಿದ್ದರೆ ನಾನು ಮೇಜಿನ ಹಿಂದೆ ಕೂತಿರಬೇಕು. ಇದರಲ್ಲಿ ನ್ಯಾಯವಿದೆ ಎಂದು ನನಗನ್ನಿಸಿತು. ಪ್ರಶ್ನೆಗಳು ಅವಳ ಪಾಲಿಗೆ ಬರುವಾಗ ಎಲ್ಲಿ, ಯಾವಾಗ ಎಂಬುದನ್ನು ನಿರ್ಧರಿಸುವ ಹಕ್ಕೂ ಅವಳಿಗಿರಬೇಕು. ಅವಳು ಊರಿನಲ್ಲಿಲ್ಲದ ವಾರಗಳಲ್ಲೂ ನಾನು ಆ ಗೆರೆ ದಾಟಲಿಲ್ಲ.

ಮನಸ್ಸಿನ ಒಪ್ಪಿಗೆ ಬಂದದ್ದು ಮೆಚ್ಚುಗೆಯ ರೂಪದಲ್ಲಿ ಅಲ್ಲ, ಬೈಗುಳದ ರೂಪದಲ್ಲಿ. ಸ್ನೇಹಿತರ ಮನೆಯ ತಗ್ಗು ಸೋಫಾದಲ್ಲಿ ನಾನು ಪ್ಯಾಂಟಿನ ಅಭ್ಯಾಸದಂತೆ ಕಾಲು ಅಗಲಿಸಿ ಕೂತಿದ್ದೆ. ಮನೆಗೆ ಬಂದವಳೇ ಕುರ್ಚಿ ಎಳೆದು ಪಾಠ ಶುರುಮಾಡಿದಳು. “ಮೊದಲು ಹಿಂದಕ್ಕೆ ಕೈ ಹಾಕಿ ನೆರಿಗೆ ಕೆಳಗೆ ಸವರಿ. ಹಾಗೇ ಸವರಿಕೊಂಡೇ ಕೂರಬೇಕು. ಮಂಡಿ ಸೇರಿಸಿ. ಕಾರಿನಿಂದ ಇಳಿಯೋವಾಗ ಎರಡೂ ಕಾಲು ಒಟ್ಟಿಗೆ ಹೊರಗೆ.” ಹೀಗೆ ಕೂತರೆ ನೆರಿಗೆ ಮುದುಡುವುದಿಲ್ಲ, ಇಸ್ತ್ರಿಯ ಕೆಲಸವೂ ಉಳಿಯುತ್ತದೆ. ಹೆಂಗಸರು ಲಂಗ ಹಾಕುವ ವಯಸ್ಸಿನಿಂದ ಮೈಗೂಡಿಸಿಕೊಂಡ ಈ ಎಚ್ಚರ ಗಂಡಸರಿಗೆ ಯಾರೂ ಕಲಿಸಿರುವುದಿಲ್ಲ.

2024ರ ಜುಲೈನಲ್ಲಿ ಬೆಂಗಳೂರಿನ ಮಾಲೊಂದರಲ್ಲಿ ಪಂಚೆ ಉಟ್ಟ ರೈತರೊಬ್ಬರನ್ನು ಒಳಗೆ ಬಿಡಲಿಲ್ಲ. ಗಲಾಟೆಯಾಗಿ ಸರ್ಕಾರ ಆ ಮಾಲನ್ನು ಏಳು ದಿನ ಮುಚ್ಚಿಸಿತು. ಸುದ್ದಿಯ ವಿಡಿಯೊ ನೋಡುತ್ತಾ ಹೆಂಡತಿ ಕೆಂಡವಾದಳು. “ಮೈ ಮುಚ್ಚೋ ಬಟ್ಟೆ ಉಟ್ಟವರನ್ನ ತಡೆಯೋಕೆ ಇವರ್ಯಾರು?” ಎಂದವಳು ನನ್ನ ಖಾಕಿ ಕಿಲ್ಟಿನ ಕಡೆ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಆಗ ಒಂದು ಮಾತಾಡಿದ್ದರೂ ಕೆಲಸ ಕೆಡುತ್ತಿತ್ತು ಎಂದು ಈಗಲೂ ನಂಬಿದ್ದೇನೆ. “ಅದು ಬೇರೆ, ಇದು ಬೇರೆ” ಎಂದು ಅವಳೇ ಹೇಳಿಕೊಂಡು ಒಳಗೆ ಹೋದಳು. ಆ ವಾರ ಪೆಂಟ್‌ಲ್ಯಾಂಡ್ ಬೆಟ್ಟಕ್ಕೆ ಹೊರಟಾಗ ಮಾಮೂಲಿ ಟೀಕೆ ಕೇಳಿಬರಲಿಲ್ಲ.

ಮುಂದಿನ ವರ್ಷ ತೀರ್ಥಹಳ್ಳಿಯಿಂದ ಮಾವ ಬಂದರು. ಅವರೆದುರು ಉಡಬಹುದೆಂದು ಅವಳೇ ಹೇಳಿದ್ದಳು. ಮಾವ ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿದರು, ಬೆಲೆ ಕೇಳಿದರು. ಹೊಲಿಸಿದ ಉಣ್ಣೆ ಕಿಲ್ಟಿಗೆ ನೂರಾರು ಪೌಂಡ್ ಎಂದಾಗ ಹುಬ್ಬೇರಿತು. “ಮಂಡಿ ಕಾಣೋದೇನು ದೊಡ್ಡ ವಿಷಯ ಅಲ್ಲ ಬಿಡಿ, ಗದ್ದೆಗಿಳಿಯೋವಾಗ ನಾವೂ ಎತ್ತಿ ಕಟ್ಟೋದೇ. ಈ ದುಡ್ಡು ಮಾತ್ರ ಜಾಸ್ತಿಯಾಯ್ತು ಅಳಿಯಂದಿರೇ” ಎಂದರು. ಗೆದ್ದೆ ಎಂದು ಹೆಂಡತಿಯತ್ತ ತಿರುಗಿದರೆ, “ಅಪ್ಪ ಒಪ್ಪಿದರೆ ನಾನು ಒಪ್ಪಿದ ಹಾಗಲ್ಲ” ಎಂದಳು. ನಮ್ಮವರ ಕೂಟಕ್ಕೆ ಅನುಮತಿ ಸಿಕ್ಕಿದ್ದು ಅದಾದ ಎಷ್ಟೋ ತಿಂಗಳ ಮೇಲೆ. ಅದಕ್ಕೆ ಕಾರಣ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಿಲ್ಟಿಗೆ ಒಂದು ದೇಶದ ಬೆಂಬಲವಿದೆ. ಬರಿಯ ಸ್ಕರ್ಟಿಗೆ ಅದಿಲ್ಲ. 2003ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಸ್ಕರ್ಟ್ ಉಟ್ಟ ಗಂಡಸರ ಬಗ್ಗೆಯೇ ಒಂದು ಪ್ರದರ್ಶನ ಮಾಡಿತ್ತು. 2013ರ ಬೇಸಿಗೆಯಲ್ಲಿ ಸ್ಟಾಕ್‌ಹೋಮಿನ ರೈಲು ಚಾಲಕರು, ಶಾರ್ಟ್ಸ್ ಹಾಕಲು ಕಂಪನಿ ಬಿಡದಿದ್ದಾಗ ಸ್ಕರ್ಟ್ ಉಟ್ಟೇ ರೈಲು ಓಡಿಸಿದರು. ಇಷ್ಟಾದರೂ ನಾನು ತಂದ ಕಪ್ಪು ಸ್ಕರ್ಟನ್ನು ಹೆಂಡತಿ ಮನೆಯೊಳಗೆ ಮಾತ್ರ ಒಪ್ಪಿದ್ದಾಳೆ. ಅಲ್ಲಿಗೆ ನಾನೂ ನಿಲ್ಲಿಸಿದ್ದೇನೆ.

ಉಡಬೇಕೆಂಬ ಆಸೆಯಿರುವ ಗಂಡಸರಿಗೆ ಹೇಳುವುದಿಷ್ಟೆ. ಮೊದಲೇ ಕೊಳ್ಳಬೇಡಿ, ಬಾಡಿಗೆಗೆ ತನ್ನಿ. ಅಳತೆ ಕೊಡಲು ಹೋಗುವಾಗ ಹೆಂಡತಿಯನ್ನು ಕರೆದುಕೊಂಡು ಹೋಗಿ. ಎಲ್ಲೆಲ್ಲಿ ಬೇಡ ಎಂದು ಮೊದಲು ಅವಳನ್ನೇ ಕೇಳಿ, ಎಲ್ಲೆಲ್ಲಿ ಆಗಬಹುದು ಎಂಬುದನ್ನು ಆಮೇಲೆ ಕೇಳಿ.