ಕ್ಯಾಪ್ಟನ್ನರ ಗುಟ್ಟಿನ ರೆಕ್ಕೆ

ಪ್ರಶ್ನೆ: ನನಗೆ 46 ವರ್ಷ. ಊರು ಶಿವಮೊಗ್ಗದ ಹತ್ತಿರ, ವಾಸ ದುಬೈಯಲ್ಲಿ. ಎರಡು ದಶಕದಿಂದ ಪೈಲಟ್, ಈಗ ಏರ್‌ಬಸ್‌ನಲ್ಲಿ ಕ್ಯಾಪ್ಟನ್. ಕೆಲವು ವರ್ಷಗಳ ಹಿಂದೆ ಸಹೋದ್ಯೋಗಿಯೊಬ್ಬರ ಜೊತೆ ಹೋಗಿ ಸ್ಕೈಡೈವಿಂಗ್ ಮಾಡಿದೆ. ಅದು ತಿಳಿದ ದಿನ ಹೆಂಡತಿ ಅತ್ತಿದ್ದಳು. ‘ಇದೊಂದೇ ಸಲ’ ಎಂದು ಸಮಾಧಾನ ಮಾಡಿದ್ದೆ. ಆದರೆ ಬಿಡಲಾಗಲಿಲ್ಲ. 200 ಜಿಗಿತ ಮುಗಿದ ಮೇಲೆ ವಿಂಗ್‌ಸೂಟ್ ತೊಡಲು ಅವಕಾಶ ಸಿಕ್ಕಿತು. ಮೊದಲ ಸಲ ತೋಳು ಚಾಚಿ, ಸೂಟಿನೊಳಗೆ ಗಾಳಿ ತುಂಬಿ, ಬೀಳುತ್ತಿದ್ದವನು ಮುಂದಕ್ಕೆ ಸಾಗತೊಡಗಿದಾಗ ಜೋರಾಗಿ ಕೂಗಿಬಿಟ್ಟೆ. ಇಷ್ಟು ವರ್ಷ ಕುರ್ಚಿಯಲ್ಲಿ ಕುಳಿತು ಹಾರಿದ್ದೆ, ಹಾರಾಟವೆಂದರೆ ಇದು ಅನ್ನಿಸಿತು.

ಈಗ ರಜೆಯ ದಿನ ಜಿಮ್‌ಗೆಂದು ಹೇಳಿ ಹೋಗುತ್ತೇನೆ. ಸೂಟು ಕಾರಿನ ಡಿಕ್ಕಿಯಲ್ಲಿರುತ್ತದೆ. ಹೋದ ತಿಂಗಳು ಹತ್ತನೇ ಕ್ಲಾಸಿನ ಮಗಳು ನನ್ನ ಫೋನಿನಲ್ಲಿ ವಿಡಿಯೊ ನೋಡಿ, ‘ಅಪ್ಪಾ, ಅಮ್ಮಂಗೆ ಗೊತ್ತಾ?’ ಅಂದಳು. ‘ಸದ್ಯಕ್ಕೆ ಹೇಳಬೇಡ ಪುಟ್ಟಾ’ ಅಂದೆ. ಅವಳು ಹೇಳಿಲ್ಲ. ಆದರೆ ನಾನು ಬ್ಯಾಗ್ ಎತ್ತಿಕೊಂಡಾಗಲೆಲ್ಲ ನನ್ನ ಮುಖವನ್ನೇ ನೋಡುತ್ತಾಳೆ. ಈ ನಡುವೆ ಗೆಳೆಯರು, ಸ್ವಿಟ್ಜರ್ಲೆಂಡಿನ ಲೌಟರ್‌ಬ್ರುನ್ನೆನ್‌ಗೆ ಬಾ, ಬಂಡೆಯ ಅಂಚಿನಿಂದ ಜಿಗಿಯೋಣ ಎಂದು ಕರೆಯುತ್ತಿದ್ದಾರೆ. ಈ ವಯಸ್ಸಿನಲ್ಲಿ ಇದು ಹುಚ್ಚೇ? ಬಿಟ್ಟುಬಿಡಲೇ? ಹೆಂಡತಿಗೆ ಹೇಗೆ ಹೇಳಲಿ?
— ಹೆಸರು ಬೇಡ, ದುಬೈ

ಉತ್ತರ: ಕ್ಯಾಪ್ಟನ್, ನಿಮ್ಮ ಮೂರು ಪ್ರಶ್ನೆಗಳಿಗೂ ನೇರವಾಗಿಯೇ ಉತ್ತರಿಸುತ್ತೇನೆ.

ಇದು ಹುಚ್ಚಲ್ಲ. ನಿಮ್ಮ ವೃತ್ತಿಯನ್ನು ಸ್ವಲ್ಪ ಗಮನಿಸಿದರೆ ಈ ಸಂತೋಷ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ನೂರಾರು ಜನರನ್ನು ಹೊತ್ತ ವಿಮಾನದಲ್ಲಿ ಪೈಲಟ್ ಎಷ್ಟು ಒಳ್ಳೆಯವನೋ ಪ್ರಯಾಣ ಅಷ್ಟು ಸಪ್ಪೆಯಾಗಿರಬೇಕು. ದಾರಿಯ ಬಹುಪಾಲು ಆಟೊಪೈಲಟ್‌ನದು. ಏರ್‌ಬಸ್‌ನ ಸೈಡ್‌ಸ್ಟಿಕ್ ನಿಮ್ಮ ಆಜ್ಞೆಯನ್ನು ಕಂಪ್ಯೂಟರಿಗೆ ಒಯ್ಯುತ್ತದೆ, ರೆಕ್ಕೆಯ ಮೇಲಿನ ಗಾಳಿಯ ಒತ್ತಡ ನಿಮ್ಮ ಅಂಗೈಗೆ ಮರಳಿ ಬರುವುದಿಲ್ಲ. ವಿಂಗ್‌ಸೂಟಿನಲ್ಲಿ ಎಲ್ಲವೂ ಇದಕ್ಕೆ ತಿರುಗುಮುರುಗು. ಸಾಮಾನ್ಯ ಸ್ಕೈಡೈವರ್ ಗಂಟೆಗೆ ಸುಮಾರು 190 ಕಿ.ಮೀ. ವೇಗದಲ್ಲಿ ಬಿದ್ದರೆ, ತೋಳು–ಮೈ ನಡುವೆ, ಕಾಲುಗಳ ನಡುವೆ ಹರಡಿದ ಬಟ್ಟೆ ಆ ವೇಗವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ. ಒಂದು ಮೀಟರ್ ಇಳಿಯುವಷ್ಟರಲ್ಲಿ ಎರಡು ಮೀಟರಿಗೂ ಹೆಚ್ಚು ಮುಂದೆ ಸಾಗಬಹುದು. ಭುಜ ಸ್ವಲ್ಪ ವಾಲಿದರೆ ದಿಕ್ಕು ಬದಲಾಗುತ್ತದೆ. ಎರಡು ದಶಕ ಉಪಕರಣಗಳ ಮೂಲಕ ತಿಳಿದ ಗಾಳಿಯನ್ನು ನಿಮ್ಮ ಚರ್ಮ ಈಗ ನೇರವಾಗಿ ಓದುತ್ತಿದೆ. ಕೂಗಿದ್ದು ಸಹಜ.

ಈ ಹಸಿವು ನಿಮ್ಮೊಬ್ಬರದೇ ಅಲ್ಲ. ಸ್ವಿಟ್ಜರ್ಲೆಂಡಿನ ಇವ್ ರೊಸಿ ಮೊದಲು ವಾಯುಪಡೆಯ ಯುದ್ಧವಿಮಾನದ ಪೈಲಟ್, ಆಮೇಲೆ ಪ್ರಯಾಣಿಕ ವಿಮಾನದ ಕ್ಯಾಪ್ಟನ್. ಅವರೂ ವಿಮಾನದ ಹೊರಗೆ ಹಾರಲು ಹಂಬಲಿಸಿದರು. ಪುಟ್ಟ ಜೆಟ್ ಎಂಜಿನ್‌ಗಳಿರುವ ರೆಕ್ಕೆಯನ್ನು ಬೆನ್ನಿಗೆ ಕಟ್ಟಿಕೊಂಡು 2008ರಲ್ಲಿ ಇಂಗ್ಲಿಷ್ ಕಾಲುವೆಯನ್ನು ಹತ್ತು ನಿಮಿಷದೊಳಗೆ ದಾಟಿದರು. ಆ ರೆಕ್ಕೆಯನ್ನು ಅವರು ತಿರುಗಿಸುತ್ತಿದ್ದದ್ದು ತಮ್ಮ ಮೈಯಿಂದಲೇ.

ಇನ್ನು ಬಿಡಬೇಕೇ ಎಂಬ ಪ್ರಶ್ನೆ. ವಿಮಾನದಿಂದ ಜಿಗಿಯುವುದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ಅನುಭವದ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದು ಬಗೆಯ ವಿಮಾನ ಬಿಟ್ಟು ಇನ್ನೊಂದನ್ನು ಓಡಿಸಲು ನಿಮ್ಮಂಥವರೂ ಹೊಸದಾಗಿ ಟೈಪ್ ರೇಟಿಂಗ್ ಎಂಬ ಅರ್ಹತೆ ಪಡೆಯಬೇಕು. ಹಳೆಯ ಗಂಟೆಗಳ ಲೆಕ್ಕವೊಂದೇ ಅಲ್ಲಿ ಸಾಲದು. ಈ ಸೂಟಿನಲ್ಲೂ ನೀವು ಕ್ಯಾಪ್ಟನ್ ಅಲ್ಲ, ಹೊಸಬರು. ವಿಮಾನ ಬಿಟ್ಟು ದೂರವಾಗುವವರೆಗೆ ತೋಳು ಮುದುಡಿಕೊಂಡಿರದಿದ್ದರೆ ವಿಮಾನದ ಬಾಲಕ್ಕೆ ಬಡಿಯಬಹುದು. ಸಮತೋಲ ತಪ್ಪಿದರೆ ಮೈ ಬುಗುರಿಯಂತೆ ಸುತ್ತತೊಡಗಬಹುದು. ಪ್ಯಾರಾಚೂಟ್ ಎಳೆದಾಗ ಬೆನ್ನ ಹಿಂದಿನ ಕಲಕಿದ ಗಾಳಿ ಅದು ಬಿಚ್ಚಿಕೊಳ್ಳುವುದನ್ನು ತಡೆಯಬಹುದು. ಇವು ಯಾವುವೂ ಕಾಕ್‌ಪಿಟ್ ಕಲಿಸುವ ಪಾಠಗಳಲ್ಲ.

ಈ ಕ್ರೀಡೆ ಬಲಿ ತೆಗೆದುಕೊಂಡವರಲ್ಲಿ ಅದರ ಅತ್ಯಂತ ನುರಿತವರೇ ಇದ್ದಾರೆ. ಬಟ್ಟೆಯ ರೆಕ್ಕೆ ಕಟ್ಟಿಕೊಂಡು ಹೆಸರು ಮಾಡಿದ ಅಮೆರಿಕದ ಕ್ಲೆಮ್ ಸಾನ್ 1937ರಲ್ಲಿ ಫ್ರಾನ್ಸಿನಲ್ಲಿ ಪ್ಯಾರಾಚೂಟ್ ಬಿಚ್ಚಿಕೊಳ್ಳದೆ ಸತ್ತರು. 1956ರಲ್ಲಿ ಲಿವರ್‌ಪೂಲ್‌ನಲ್ಲಿ ಲಿಯೊ ವಾಲೆಂಟಿನ್ ಅವರ ರೆಕ್ಕೆ, ಹೊರಬೀಳುವಾಗಲೇ ವಿಮಾನಕ್ಕೆ ತಗುಲಿ ಮುರಿದು ಅವರೂ ಸತ್ತರು. ಇಂದಿನ ವಿಂಗ್‌ಸೂಟಿಗೆ ರೂಪ ಕೊಟ್ಟ ಫ್ರಾನ್ಸಿನ ಪ್ಯಾಟ್ರಿಕ್ ದ ಗೇಯಾರ್ದೊಂ 1998ರಲ್ಲಿ ಹವಾಯಿಯಲ್ಲಿ, ತಾವೇ ಪ್ಯಾರಾಚೂಟ್ ಸಜ್ಜಿಗೆ ಮಾಡಿಕೊಂಡಿದ್ದ ಒಂದು ಮಾರ್ಪಾಡಿನಿಂದಾಗಿ ತೀರಿಕೊಂಡರು. ಮೂವರನ್ನೂ ಸೋಲಿಸಿದ್ದು ನಡುಗಾಳಿಯ ಹಾರಾಟವಲ್ಲ, ವಿಮಾನ ಬಿಡುವ ಅಥವಾ ಪ್ಯಾರಾಚೂಟ್ ಬಿಚ್ಚುವ ಕ್ಷಣ. ಆದ್ದರಿಂದ ಬೋಧಕರು ಹೇಳಿದ ಸೂಟನ್ನೇ ತೊಡಿ, ದೊಡ್ಡ ರೆಕ್ಕೆಯ ಸೂಟಿಗೆ ಅವಸರಪಡಬೇಡಿ, ಸಜ್ಜನ್ನು ನೀವೇ ತಿದ್ದಲು ಹೋಗಬೇಡಿ.

ಲೌಟರ್‌ಬ್ರುನ್ನೆನ್ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟ: ಹೋಗಬೇಡಿ. ವಿಮಾನದಿಂದ ಜಿಗಿದಾಗ ನಿಮ್ಮ ಕೆಳಗೆ ಸುಮಾರು ನಾಲ್ಕು ಸಾವಿರ ಮೀಟರ್ ಖಾಲಿ ಆಕಾಶವಿರುತ್ತದೆ. ಎರಡನೆಯ ಪ್ಯಾರಾಚೂಟ್ ಇರುತ್ತದೆ, ನೀವು ಎಚ್ಚರ ತಪ್ಪಿದರೂ ಅದನ್ನು ತಾನೇ ಬಿಡಿಸುವ ಸಾಧನವಿರುತ್ತದೆ. ಬಂಡೆಯಿಂದ ಜಿಗಿಯುವವರ ಬೆನ್ನಲ್ಲಿ ಸಾಮಾನ್ಯವಾಗಿ ಒಂದೇ ಪ್ಯಾರಾಚೂಟ್, ಪಕ್ಕದಲ್ಲೇ ಕಲ್ಲಿನ ಗೋಡೆ, ತಪ್ಪು ತಿದ್ದಿಕೊಳ್ಳಲು ಕೆಲವೇ ಸೆಕೆಂಡು. ಅಮೆರಿಕದ ಪ್ಯಾರಾಚೂಟ್ ಸಂಘದ ಲೆಕ್ಕದಂತೆ 2023ರಲ್ಲಿ ಆ ದೇಶದಲ್ಲಿ ಸುಮಾರು 36.5 ಲಕ್ಷ ಜಿಗಿತಗಳಿಗೆ 10 ಸಾವು. ನಾರ್ವೆಯ ಶೆರಾಗ್ ಬೆಟ್ಟದಲ್ಲಿ 1995ರಿಂದ 2005ರವರೆಗೆ ನಡೆದ 20,850 ಬಂಡೆ ಜಿಗಿತಗಳಲ್ಲಿ 9 ಸಾವು, ಅಂದರೆ 2,317ಕ್ಕೆ ಒಂದು. ಮೊದಲ ಲೆಕ್ಕದಲ್ಲಿ ಎಲ್ಲ ಬಗೆಯ ಸ್ಕೈಡೈವಿಂಗ್ ಸೇರಿದೆ, ಬರಿಯ ವಿಂಗ್‌ಸೂಟ್ ಹಾರಾಟ ಅದಕ್ಕಿಂತ ಅಪಾಯದ್ದು ಎಂಬುದು ನೆನಪಿರಲಿ. ಅಷ್ಟಾದರೂ ಈ ಅಂತರ ಸಣ್ಣದಲ್ಲ. ನೀವು ಕೂಗಿದಂಥ ಸಂತೋಷ ಮರುಭೂಮಿಯ ಮೇಲೆಯೇ ಸಿಕ್ಕಿದೆ, ಅದಕ್ಕಾಗಿ ಬಂಡೆಯ ಅಂಚಿಗೆ ಹೋಗಬೇಕಾಗಿಲ್ಲ.

ಈಗ ಮನೆಯ ಮಾತಿಗೆ ಬರೋಣ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಮಗಳು. ಅಪ್ಪ ಜಿಮ್‌ಗೆ ಹೋಗುತ್ತಿಲ್ಲ ಎಂದು ಅವಳಿಗೆ ಗೊತ್ತು, ಅಮ್ಮನ ಎದುರು ಏನೂ ಗೊತ್ತಿಲ್ಲದಂತೆ ತಟ್ಟೆ ಮುಂದೆ ಕೂರಬೇಕು. ಒಂದು ದಿನ ನೀವು ಬರುವುದು ತಡವಾದರೆ ಆ ಗಂಟೆಗಳ ಭಯವನ್ನು ಅವಳೊಬ್ಬಳೇ ನುಂಗಬೇಕು. ಕೆಟ್ಟದ್ದೇನಾದರೂ ನಡೆದರೆ, ‘ನಾನು ಮೊದಲೇ ಹೇಳಿದ್ದರೆ’ ಎಂಬ ಕೊರಗು ಅವಳನ್ನು ಜೀವನವಿಡೀ ಕಾಡುತ್ತದೆ. ಹದಿನೈದರ ಹುಡುಗಿಗೆ ಈ ಹೊರೆ ಹೊರಿಸಬಾರದು. ಇವತ್ತೇ ಅವಳ ಹತ್ತಿರ ಕುಳಿತು ಹೇಳಿ: ‘ಪುಟ್ಟಾ, ನಿನ್ನನ್ನು ಸುಮ್ಮನಿರು ಅಂದದ್ದು ನನ್ನ ತಪ್ಪು. ಅಮ್ಮನಿಗೆ ನಾನೇ ಹೇಳುತ್ತೇನೆ.’

ನಿಮ್ಮ ಶ್ರೀಮತಿಯವರಿಗೆ ನೋವಾಗುವುದು ಎರಡು ಕಾರಣಕ್ಕೆ: ನೀವು ಜಿಗಿಯುತ್ತೀರಿ ಎಂಬುದಕ್ಕೆ, ಇಷ್ಟು ದಿನ ಸುಳ್ಳು ಹೇಳಿದಿರಿ ಎಂಬುದಕ್ಕೆ. ಎರಡನೆಯದನ್ನು ಮೊದಲು ಒಪ್ಪಿಕೊಳ್ಳಿ. ‘ಇದೊಂದೇ ಸಲ ಅಂದಿದ್ದೆ, ಮಾತು ಮುರಿದೆ, ಮುಚ್ಚಿಟ್ಟೆ’ ಎಂದು ನೇರವಾಗಿ ಹೇಳಿ. ವಿಡಿಯೊ ತೋರಿಸಿ ಮನ ಒಲಿಸಲು ಹೋಗಬೇಡಿ. ರಸ್ತೆಯಲ್ಲಿ ಕಾರು ಓಡಿಸುವುದೂ ಅಪಾಯವೇ ಎಂಬ ವಾದ ಬೇಡವೇ ಬೇಡ, ಹೆದರಿದವರಿಗೆ ಅದು ಬಾಯಿ ಮುಚ್ಚಿಸಿದಂತೆ ಕೇಳುತ್ತದೆ. ಅವರು ಅಳಬಹುದು, ಕೆಲವು ದಿನ ಮಾತು ಬಿಡಬಹುದು. ಆ ದಿನಗಳು ಅವರವು. ಬೇಗ ಮುಗಿಸಿ ಎಂದು ಒತ್ತಾಯಿಸಬೇಡಿ.

ಅವರು ಮಾತಿಗೆ ಬಂದ ಮೇಲೆ ಕಾಗದಪತ್ರ ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ನಿಮ್ಮ ಜೀವವಿಮೆ ಈ ಕ್ರೀಡೆಗೆ ಅನ್ವಯಿಸುತ್ತದೆಯೇ ಎಂದು ಕಂಪನಿಯಿಂದ ಬರಹದಲ್ಲಿ ಪಡೆಯಿರಿ, ಸಾಹಸ ಕ್ರೀಡೆಗಳನ್ನು ಹೊರಗಿಡುವ ಪಾಲಿಸಿಗಳು ಅನೇಕ. ಕಾಲಿನ ಒಂದು ಮೂಳೆ ಮುರಿದರೂ ಪೈಲಟ್‌ಗೆ ಬೇಕಾದ ಮೆಡಿಕಲ್ ಸರ್ಟಿಫಿಕೇಟ್ ನಿಂತು ಸಂಬಳಕ್ಕೆ ಪೆಟ್ಟು ಬೀಳಬಹುದು, ಆ ತಿಂಗಳುಗಳಿಗೆ ಉಳಿತಾಯ ಎಷ್ಟಿದೆ ಎಂದು ಇಬ್ಬರೂ ನೋಡಿ. ಕೆಲಸದ ಒಪ್ಪಂದದಲ್ಲಿ ಇಂಥ ಹವ್ಯಾಸದ ಬಗ್ಗೆ ಷರತ್ತಿದ್ದರೆ ಓದಿ. ಆಮೇಲೆ ಮಿತಿಗಳನ್ನು ಇಬ್ಬರೂ ಸೇರಿ ಬರೆಯಿರಿ: ತಿಂಗಳಿಗೆ ಎಷ್ಟು ದಿನ, ರಾತ್ರಿ ಡ್ಯೂಟಿ ಮುಗಿಸಿ ಬಂದ ದಿನ ಜಿಗಿತವಿಲ್ಲ, ಕೆಳಗಿಳಿದ ಕೂಡಲೇ ಮನೆಗೆ ಫೋನ್, ಬಂಡೆಯ ಜಿಗಿತ ಎಂದೆಂದಿಗೂ ಇಲ್ಲ.

ನಿಮ್ಮ ಕಾಕ್‌ಪಿಟ್‌ನಲ್ಲಿ ಲ್ಯಾಂಡಿಂಗ್ ಸರಿಯಿಲ್ಲ ಎನಿಸಿದರೆ ಪಕ್ಕದ ಸೀಟಿನ ಕಿರಿಯ ಪೈಲಟ್ ಕೂಡ ‘ಗೋ ಅರೌಂಡ್’ ಎನ್ನಬಹುದು. ಆಗ ಕ್ಯಾಪ್ಟನ್ ಅಲ್ಲೇ ವಾದಕ್ಕಿಳಿಯದೆ ವಿಮಾನವನ್ನು ಮತ್ತೆ ಮೇಲಕ್ಕೆತ್ತುತ್ತಾರೆ, ಕಾರಣ ಕೇಳುವುದು ಆಮೇಲೆ. ನಿಮ್ಮ ಶ್ರೀಮತಿಯವರಿಗೂ ಆ ಹಕ್ಕು ಕೊಡಿ. ‘ನೀವು ದಣಿದಿದ್ದೀರಿ, ಇವತ್ತು ಬೇಡ’ ಎಂದು ಅವರು ಹೇಳಿದ ದಿನ ಹೋಗಬೇಡಿ. ಅವರು ಸದ್ಯಕ್ಕೆ ಪೂರ್ತಿ ನಿಲ್ಲಿಸಿ ಎಂದರೆ ಕೆಲವು ತಿಂಗಳು ನಿಲ್ಲಿಸಿ. ಮತ್ತೆ ಶುರು ಮಾಡುವಾಗ ಬೋಧಕರ ಜೊತೆ ಅಭ್ಯಾಸದ ಜಿಗಿತದಿಂದಲೇ ಆರಂಭಿಸಿ. ಮಾತು ಮುಂದೆ ಸಾಗದಿದ್ದರೆ ಇಬ್ಬರೂ ಒಟ್ಟಿಗೆ ದಾಂಪತ್ಯ ಸಲಹೆಗಾರರನ್ನು ಕಾಣಿರಿ, ಆನ್‌ಲೈನ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಸಂತೋಷ ನಿಜವಾದದ್ದು. ಅದು ಉಳಿಯಲಿ ಎಂದು ಬಯಸಿಯೇ ಇಷ್ಟು ಬರೆದೆ. ಮಗಳೊಂದಿಗೆ ಇವತ್ತು, ಶ್ರೀಮತಿಯವರೊಂದಿಗೆ ಈ ವಾರ ಮುಗಿಯುವುದರೊಳಗೆ ಮಾತಾಡಿ. ಅಲ್ಲಿಯವರೆಗೆ ಸೂಟು ಡಿಕ್ಕಿಯಲ್ಲಿ ಬೇಡ, ಮನೆಯೊಳಗೆ ತಂದಿಡಿ.